ನರಕವಚದ ರೋಗವೂ ಅದರ ಖರ್ಚಿನ ಲೆಕ್ಕವೂ

ಸಿಂಧನೂರಿನಿಂದ ರಾಯಚೂರಿನ ಕಡೆಗೆ ಹೋಗುವ ಹಾದಿಯಲ್ಲಿ ಜವಳಗೇರಾ ಎಂಬ ಊರು ಸಿಕ್ಕುತ್ತದೆ. ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ಸೀಮೆ ಇದು. ಕಾಲುವೆಯ ಏರಿ ಎಲ್ಲಿಯೋ ಒಂದೆಡೆ ಒಡೆದು 'ಬೋಂಗಾ' ಬಿದ್ದರೆ, ಜಲಾಶಯದಲ್ಲಿ ಎಷ್ಟೇ ನೀರು ತುಂಬಿದ್ದರೂ ಕೊನೆಭಾಗದ ಹೊಲಕ್ಕೆ ಅದು ತಲಪಲಾರದು ಎಂಬುದನ್ನು ಇಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏರಿಯೂ ಅದರ ಒಳಹೊದಿಕೆಯೂ ನೀರನ್ನು ಹುಟ್ಟಿಸುವುವಲ್ಲ. ಹರಿಯುವ ನೀರು ಪೋಲಾಗದಂತೆ ಕಾಯುವುವು, ಅಷ್ಟೆ. ಆದರೂ ಅವು ಕೆಟ್ಟರೆ ಕೊನೆಯ ರೈತನ ಪೈರು ಒಣಗುತ್ತದೆ.

ನಮ್ಮ ದೇಹದಲ್ಲಿಯೂ ಇಂಥ ಕಾಲುವೆಗಳುಂಟು. ಮಿದುಳಿನಿಂದ ಬೆನ್ನುಹುರಿಯ ಮಾರ್ಗವಾಗಿ ಕೈಕಾಲುಗಳಿಗೆ ಅಪ್ಪಣೆಗಳನ್ನು ಒಯ್ಯುವ, ಕಣ್ಣು, ಚರ್ಮಗಳಿಂದ ಮಿದುಳಿಗೆ ವರದಿಗಳನ್ನು ತರುವ ನರತಂತುಗಳೇ ಅವು. ಅವುಗಳ ಹೊದಿಕೆಯು ಅಲ್ಲಲ್ಲಿ ಕಳಚಿಹೋಗುವ ರೋಗಕ್ಕೆ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದು ಹೆಸರು. ವೈದ್ಯರು ಸಂಕ್ಷೇಪವಾಗಿ ಎಂ.ಎಸ್. ಎನ್ನುತ್ತಾರೆ. ಈ ರೋಗದ ಸ್ವರೂಪವನ್ನೂ, ಅದಕ್ಕೆ ತಗಲುವ ಹಣವನ್ನು ಕೂಡಿಸುವ ಕ್ರಮವನ್ನೂ ಒಟ್ಟಿಗೆ ವಿಚಾರಿಸುವುದು ಈ ಲೇಖನದ ಉದ್ದೇಶ. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ರೋಗವು ಯಾವ ಬಗೆಯಲ್ಲಿ ನಡೆಯುತ್ತದೆಯೋ ಅದೇ ಬಗೆಯಲ್ಲಿ ಅದರ ಖರ್ಚೂ ನಡೆಯುತ್ತದೆ. ಇದನ್ನು ಅರಿಯದೆ ಕೂಡಿಸಿದ ಹಣವು ಬೇಕಾದ ಹೊತ್ತಿಗೆ ಮುಗಿದಿರುತ್ತದೆ.

ನರದ ಹೊದಿಕೆ

ನರತಂತುವೆಂಬುದು ಒಂದು ಸೂಕ್ಷ್ಮವಾದ ಎಳೆ. ಅದರ ಸುತ್ತಲೂ ಕೊಬ್ಬಿನಂಶವೇ ಹೆಚ್ಚಾಗಿರುವ ಒಂದು ಪೊರೆಯು ಪದರ ಪದರವಾಗಿ ಸುತ್ತಿಕೊಂಡಿರುತ್ತದೆ. ಇದಕ್ಕೆ ಮೈಲಿನ್ ಎಂಬ ಹೆಸರನ್ನು ಜರ್ಮನಿಯ ವಿಜ್ಞಾನಿ ವಿರ್ಖೋ ೧೮೫೪ರಲ್ಲಿ ಕೊಟ್ಟನು. ಮಿದುಳು, ಬೆನ್ನುಹುರಿಗಳಲ್ಲಿ ಈ ಪೊರೆಯನ್ನು ನೇಯುವ ಜೀವಕೋಶಗಳನ್ನು ಸ್ಪೇನಿನ ರಿಯೋ ಹೊರ್ಟೆಗಾ ೧೯೨೧ರಲ್ಲಿ ಗುರುತಿಸಿ ವರ್ಣಿಸಿದನು. ಹೊದಿಕೆಯುಳ್ಳ ದಪ್ಪ ನರತಂತುವಿನಲ್ಲಿ ಸಂಕೇತವು ಸೆಕೆಂಡಿಗೆ ನೂರು ಮೀಟರುಗಳಷ್ಟು ವೇಗದಿಂದ ಓಡಬಲ್ಲುದು. ಹೊದಿಕೆಯಿಲ್ಲದ ಸಣ್ಣ ತಂತುವಿನಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಹೊದಿಕೆಯಿಂದ ಆಗುವ ಉಪಕಾರವೆಷ್ಟೆಂಬುದು ಇದರಿಂದ ತಿಳಿಯುವುದು.

ಎಂ.ಎಸ್. ರೋಗದಲ್ಲಿ ಈ ಹೊದಿಕೆಯನ್ನು ಕೆಡಿಸುವುದು ಹೊರಗಿನ ಶತ್ರುವಲ್ಲ. ನಮ್ಮ ರಕ್ಷಣೆಗಾಗಿಯೇ ಇರುವ ರಕ್ತದ ಬಿಳಿಯ ಕಣಗಳು. ಅವು ದಾರಿತಪ್ಪಿ ಮಿದುಳನ್ನು ಪ್ರವೇಶಿಸಿ, ಸ್ವಂತ ದೇಹದ ಮೈಲಿನ್ನನ್ನೇ ಪರಕೀಯವೆಂದು ಬಗೆದು ಅದರ ಮೇಲೆ ಬೀಳುತ್ತವೆ. ಗಾಯ ಮಾಯ್ದ ಎಡೆಯಲ್ಲಿ ಗಡಸಾದ ಕಲೆಯೊಂದು ಉಳಿಯುತ್ತದೆ. ಸ್ಕ್ಲಿರೋಸಿಸ್ ಎಂದರೆ ಗಡಸುಗಟ್ಟುವುದು. ಅಂಥ ಕಲೆಗಳು ಹಲವಾರು ಇರುವುದರಿಂದ ಮಲ್ಟಿಪಲ್ ಎಂಬ ವಿಶೇಷಣ. ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೋ ೧೮೬೮ರಲ್ಲಿ ರೋಗಿಯ ಲಕ್ಷಣಗಳನ್ನೂ ಮರಣಾನಂತರ ಮಿದುಳಿನಲ್ಲಿ ಕಂಡ ಕಲೆಗಳನ್ನೂ ಒಂದಕ್ಕೊಂದು ಹೊಂದಿಸಿ, ಇದೊಂದು ಪ್ರತ್ಯೇಕವಾದ ರೋಗವೆಂದು ಸ್ಪಷ್ಟಪಡಿಸಿದನು.

ಬೋಂಗಾ ಎಲ್ಲಿ ಬಿದ್ದಿದೆಯೆಂಬುದನ್ನು ಅನುಸರಿಸಿ ಯಾವ ಹೊಲಕ್ಕೆ ನೀರು ತಪ್ಪುವುದೆಂಬುದು ನಿರ್ಧಾರವಾಗುವಂತೆ, ಕಲೆ ಬಿದ್ದ ಸ್ಥಳವನ್ನು ಅನುಸರಿಸಿ ಲಕ್ಷಣಗಳು ಬದಲಾಗುತ್ತವೆ. ಒಬ್ಬರಿಗೆ ಒಂದು ಕಣ್ಣು ನೋವಿನೊಡನೆ ಮಂಜಾಗುವುದು. ಮತ್ತೊಬ್ಬರಿಗೆ ಸೊಂಟದಿಂದ ಕೆಳಗೆ ಜೋಮು ಹಿಡಿಯುವುದು. ಇನ್ನೊಬ್ಬರಿಗೆ ನಡಿಗೆ ತೂರಾಡುವುದು, ಮೂತ್ರದ ಹತೋಟಿ ತಪ್ಪುವುದು. ಕಾರಣ ತಿಳಿಯದ ಆಯಾಸವಂತೂ ಬಹುಮಂದಿಗೆ ಉಂಟು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಈ ತೊಂದರೆಗಳು ತಾವಾಗಿಯೇ ಇಳಿಯುತ್ತವೆ. ರೋಗಿಯೂ ಮನೆಯವರೂ ಕಾಯಿಲೆ ಹೋಯಿತೆಂದು ಸಮಾಧಾನಪಡುತ್ತಾರೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದು ಬೇರೊಂದು ರೂಪದಲ್ಲಿ ಮರುಕಳಿಸುತ್ತದೆ. ಪ್ರತಿ ಮರುಕಳಿಕೆಯೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಂಡು ಹೋಗಬಹುದು.

ಯಾರಿಗೆ, ಏಕೆ?

ರೋಗವು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತು ವರ್ಷದ ವಯಸ್ಸಿನಲ್ಲಿ ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಅಧಿಕ. ಎಂದರೆ ಮದುವೆ, ಮಕ್ಕಳು, ದುಡಿಮೆ ಇವುಗಳ ಕಾಲದಲ್ಲಿಯೇ ಅದು ಬಂದು ಸೇರುತ್ತದೆ. ಇದು ಅಂಟುರೋಗವಲ್ಲ, ತಂದೆತಾಯಿಗಳಿಂದ ನೇರವಾಗಿ ಇಳಿದು ಬರುವುದೂ ಅಲ್ಲ. ಎಪ್‌ಸ್ಟೈನ್–ಬಾರ್ ಎಂಬ ವೈರಸ್ ಬಹುತೇಕ ಎಲ್ಲರ ದೇಹವನ್ನೂ ಒಂದಲ್ಲ ಒಂದು ಕಾಲಕ್ಕೆ ಹೊಕ್ಕಿರುತ್ತದೆ. ಅಮೆರಿಕದ ಸೈನ್ಯದಲ್ಲಿದ್ದ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ ೨೦೨೨ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ವೈರಸ್ ಸೋಂಕಿದ ಮೇಲೆ ಎಂ.ಎಸ್. ಬರುವ ಸಂಭವ ೩೨ ಪಟ್ಟು ಹೆಚ್ಚುವುದೆಂದು ಕಂಡುಬಂದಿತು. ಆದರೂ ಸೋಂಕು ತಗಲಿದವರಲ್ಲಿ ತೀರ ಕೆಲವರಿಗೆ ಮಾತ್ರವೇ ರೋಗ ಬರುವುದರಿಂದ, ಅನುವಂಶೀಯತೆ, ಬಿಸಿಲಿನ ಅಭಾವ, ಧೂಮಪಾನ ಮೊದಲಾದ ಬೇರೆ ಕಾರಣಗಳೂ ಕೂಡಿಕೊಳ್ಳಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಜಗತ್ತಿನಲ್ಲಿ ೨೮ ಲಕ್ಷ ಜನ ಈ ರೋಗದೊಡನೆ ಬದುಕುತ್ತಿರುವರೆಂದು ೨೦೨೦ರಲ್ಲಿ ಅಂದಾಜು ಮಾಡಲಾಯಿತು. ಶೀತದೇಶಗಳಲ್ಲಿ ಇದು ಹೆಚ್ಚು, ಉಷ್ಣದೇಶಗಳಲ್ಲಿ ಕಡಮೆ. ನಮ್ಮ ರಾಜ್ಯದ ಮಂಗಳೂರಿನಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನಕ್ಕೆ ಸುಮಾರು ೮ ಮಂದಿ ರೋಗಿಗಳು ಕಂಡುಬಂದರು. ೨೦೧೧ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ ೧೯ ಲಕ್ಷಕ್ಕೂ ಹೆಚ್ಚು. ಮಂಗಳೂರಿನ ಪ್ರಮಾಣವೇ ಇಲ್ಲಿಯೂ ಇರುವುದೆಂದು ಹಿಡಿದರೆ ಇಡೀ ಜಿಲ್ಲೆಗೆ ಒಂದೂವರೆ ನೂರು ಮಂದಿಯಾಗುತ್ತಾರೆ. ಇದು ಲೆಕ್ಕದ ಮಾತೇ ಹೊರತು ಎಣಿಕೆಯ ಮಾತಲ್ಲ. ಆದರೂ ಒಂದು ಸಂಗತಿ ಇದರಿಂದ ಹೊಳೆಯುತ್ತದೆ: ಒಂದು ಹಳ್ಳಿಯಲ್ಲಿ ಒಬ್ಬರೇ ರೋಗಿ ಇರುವುದು ಸಂಭವ, ಅವರಿಗೆ ತಮ್ಮಂಥ ಇನ್ನೊಬ್ಬರನ್ನು ಕಂಡೇ ಗೊತ್ತಿರುವುದಿಲ್ಲ.

ರೋಗನಿರ್ಣಯದಲ್ಲಿ ಎಚ್ಚರ

ಹಣದ ಮಾತಿಗೆ ಮೊದಲು ರೋಗನಿರ್ಣಯದ ಮಾತು ಬರಬೇಕು. ತಪ್ಪು ರೋಗಕ್ಕೆ ಸುರಿದ ಹಣದಷ್ಟು ವ್ಯರ್ಥವಾದುದು ಬೇರೊಂದಿಲ್ಲ. ೧೯೮೧ರಿಂದೀಚೆಗೆ ಎಂ.ಆರ್.ಐ. ಯಂತ್ರದ ಚಿತ್ರದಲ್ಲಿ ಈ ಕಲೆಗಳನ್ನು ಬದುಕಿರುವ ರೋಗಿಯಲ್ಲಿಯೇ ಕಾಣುವುದು ಸಾಧ್ಯವಾಗಿದೆ. ಆದರೆ ಕಲೆ ಕಂಡುದೆಲ್ಲ ಎಂ.ಎಸ್. ಅಲ್ಲ. ಇದನ್ನೇ ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಮತ್ತೊಂದು ರೋಗವುಂಟು. ಅದನ್ನು ಗುರುತಿಸುವ ರಕ್ತಪರೀಕ್ಷೆಗೆ ೨೦೦೪ರಲ್ಲಿ ದಾರಿ ತೆರೆಯಿತು. ಎಂ.ಎಸ್. ರೋಗಕ್ಕೆ ಕೊಡುವ ಇಂಟರ್‌ಫೆರಾನ್ ಮೊದಲಾದ ಕೆಲವು ಔಷಧಗಳು ಆ ರೋಗವನ್ನು ಉಲ್ಬಣಗೊಳಿಸಬಹುದು. ಆದುದರಿಂದ ಖರ್ಚಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ನರರೋಗ ತಜ್ಞರ ಭೇಟಿಗೂ ಈ ಪರೀಕ್ಷೆಗಳಿಗೂ ಸಲ್ಲಬೇಕು. ರಾಯಚೂರಿನ ವೈದ್ಯವಿಜ್ಞಾನ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವು ಸರ್ಕಾರದ ಸಂಸ್ಥೆಗಳು. ಜವಳಗೇರಾದಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರುಗಳ ಆಸುಪಾಸಿನ ಪ್ರಯಾಣ. ೨೦೨೪ರಲ್ಲಿ ಸಿಂಧನೂರಿಗೆ ರೈಲು ಬಂದುದು ಒಂದು ಅನುಕೂಲವೇ. ಆದರೂ ಒಂದು ಭೇಟಿಯೆಂದರೆ ರೋಗಿಗೂ ಜೊತೆಗಾರನಿಗೂ ಎರಡು ಮೂರು ದಿನಗಳ ದುಡಿಮೆ ತಪ್ಪುತ್ತದೆಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಇನ್ನೊಂದು ಎಚ್ಚರಿಕೆ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮೈ ಕಾವೇರಿದಾಗ, ಹೊದಿಕೆ ಕಳಚಿದ ನರದಲ್ಲಿ ಸಂಕೇತದ ಸಾಗಾಟ ಇನ್ನಷ್ಟು ಕುಗ್ಗುತ್ತದೆ. ಜರ್ಮನಿಯ ನೇತ್ರವೈದ್ಯ ಊಥಾಫ್ ೧೮೯೦ರಲ್ಲಿ ಇದನ್ನು ಗಮನಿಸಿದನು. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಮಂಜಾಗಿ, ಕಾಲು ಸೋತು, ತಂಪಾದ ಮೇಲೆ ಸರಿಹೋದರೆ ಅದು ಹೊಸ ಮರುಕಳಿಕೆಯಲ್ಲ. ನೆರಳು, ಒದ್ದೆಬಟ್ಟೆ, ಗಾಳಿ ಇವೇ ಅದಕ್ಕೆ ಮದ್ದು. ಇಷ್ಟನ್ನು ಅರಿತ ಮನೆಯವರು ಗಾಬರಿಯಿಂದ ದೂರದ ಆಸ್ಪತ್ರೆಗೆ ಓಡುವ ಖರ್ಚನ್ನು ಉಳಿಸಬಲ್ಲರು. ಆದರೆ ಹೊಸ ತೊಂದರೆಯು ಒಂದು ದಿನವನ್ನು ಮೀರಿ ನಿಂತರೆ ವೈದ್ಯರಿಗೆ ತಿಳಿಸಲೇಬೇಕು.

ಔಷಧಗಳು

ಮರುಕಳಿಕೆಯ ಸಮಯದಲ್ಲಿ ಮೂರರಿಂದ ಐದು ದಿನಗಳವರೆಗೆ ಸ್ಟೀರಾಯ್ಡ್ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಇದು ಉರಿಯುವ ಬೆಂಕಿಯನ್ನು ಆರಿಸುತ್ತದೆ. ಮುಂದೆ ಬೆಂಕಿ ಹೊತ್ತದಂತೆ ತಡೆಯಲಾರದು. ಆ ಕೆಲಸಕ್ಕೆ ಬೇರೆ ಔಷಧಗಳಿವೆ. ಅವುಗಳಲ್ಲಿ ಮೊದಲನೆಯದಾದ ಇಂಟರ್‌ಫೆರಾನ್ ಬೀಟಾ ೧೯೯೩ರಲ್ಲಿ ಅಮೆರಿಕದಲ್ಲಿ ಮಂಜೂರಾದಾಗ, ಬೇಡಿಕೆಗೆ ಸಾಕಾಗುವಷ್ಟು ಸರಕಿಲ್ಲದೆ, ಯಾರಿಗೆ ಮೊದಲು ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕಾಯಿತು. ಅನಂತರ ಗ್ಲಾಟಿರಾಮರ್, ಫಿಂಗೋಲಿಮಾಡ್, ಡೈಮಿಥೈಲ್ ಫ್ಯೂಮರೇಟ್, ಓಕ್ರೆಲಿಜುಮ್ಯಾಬ್ ಮೊದಲಾದುವು ಬಂದುವು. ಇವಾವುವೂ ರೋಗವನ್ನು ಬುಡಸಹಿತ ಕೀಳುವುದಿಲ್ಲ. ಮರುಕಳಿಕೆಗಳನ್ನು ಕಡಮೆಮಾಡಿ, ಅಂಗವೈಕಲ್ಯವನ್ನು ಮುಂದಕ್ಕೆ ತಳ್ಳುತ್ತವೆ. ಬೇಗನೆ ಆರಂಭಿಸಿದಷ್ಟೂ, ಬಿಡದೆ ತೆಗೆದುಕೊಂಡಷ್ಟೂ ಪ್ರಯೋಜನ ಅಧಿಕ.

ಬೆಲೆಯ ದೃಷ್ಟಿಯಿಂದ ಗಮನಾರ್ಹವಾದುದು ರಿಟುಕ್ಸಿಮ್ಯಾಬ್. ಇದು ಮೂಲತಃ ರಕ್ತದ ಕ್ಯಾನ್ಸರಿಗಾಗಿ ಬಂದ ಔಷಧ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯು ೨೦೦೭ರಲ್ಲಿ ಇದರ ಸಮಾನರೂಪವನ್ನು ಭಾರತದಲ್ಲಿ ಬಿಡುಗಡೆ ಮಾಡಿದ ಮೇಲೆ ಬೆಲೆ ಇಳಿಯಿತು. ಸ್ವೀಡನ್ನಿನಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಡೈಮಿಥೈಲ್ ಫ್ಯೂಮರೇಟ್ ತೆಗೆದುಕೊಂಡವರಲ್ಲಿ ನೂರಕ್ಕೆ ೧೬ ಮಂದಿಗೆ ರೋಗ ಮರುಕಳಿಸಿದರೆ, ರಿಟುಕ್ಸಿಮ್ಯಾಬ್ ಪಡೆದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ ಮರುಕಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ತನ್ನ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಎಂ.ಎಸ್. ರೋಗದ ಔಷಧಗಳನ್ನು ಮೊದಲ ಬಾರಿಗೆ ಸೇರಿಸಿದಾಗ, ಅವುಗಳಲ್ಲಿ ಇದೂ ಒಂದಾಗಿತ್ತು. ರೋಗಕ್ಕೆ ತಕ್ಕ ಔಷಧವನ್ನು ಆರಿಸುವುದು ತಜ್ಞರ ಕೆಲಸ. ಸೋಂಕಿನ ಅಪಾಯ, ಗರ್ಭಧಾರಣೆಯ ವಿಚಾರ ಇವುಗಳನ್ನು ಅವರು ತೂಗಿನೋಡಬೇಕಾಗುತ್ತದೆ. ಆದರೆ "ನಮ್ಮಿಂದ ಐದು ವರ್ಷ ಬಿಡದೆ ನಡೆಸಲಾಗುವ ಔಷಧ ಯಾವುದು, ಡಾಕ್ಟರೇ?" ಎಂದು ಕೇಳುವುದು ರೋಗಿಯ ಹಕ್ಕು. ಸಂಕೋಚದಿಂದ ಈ ಪ್ರಶ್ನೆಯನ್ನು ನುಂಗಿಕೊಳ್ಳಬಾರದು.

ಮಳೆಯೋ, ಕಾಲುವೆಯೋ?

ಈಗ ಈ ಸೀಮೆಯ ಒಂದು ಒಕ್ಕಲುಮನೆಯನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತಾರು ವರ್ಷದ ಮಗಳಿಗೆ ರೋಗವು ನಿಶ್ಚಯವಾಗಿದೆ. ತಂದೆ ಮೊದಲು ಮನೆಯ ಬಂಗಾರವನ್ನು ಅಡವಿಡುತ್ತಾನೆ. ಬಳಿಕ ಬಂಧುಗಳಿಂದ ಕೈಗಡ ತರುತ್ತಾನೆ. ಭತ್ತದ ವ್ಯಾಪಾರಿಯಿಂದ ಮುಂದಿನ ಬೆಳೆಯ ಮೇಲೆ ಮುಂಗಡ ಪಡೆಯುತ್ತಾನೆ. ಊರವರು ಪಟ್ಟಿ ಎತ್ತಿ ಕೊಡುತ್ತಾರೆ. ಹೀಗೆ ಮೂರು ಲಕ್ಷ ರೂಪಾಯಿ ಕೂಡಿತೆನ್ನೋಣ. ತಿಂಗಳಿಗೆ ೨೫,೦೦೦ ರೂಪಾಯಿ ಬೀಳುವ ಔಷಧವನ್ನು ಹಿಡಿದರೆ ಆ ಹಣ ಹನ್ನೆರಡು ತಿಂಗಳಿಗೆ ಮುಗಿಯುತ್ತದೆ. ೫,೦೦೦ ರೂಪಾಯಿಯದನ್ನು ಹಿಡಿದರೆ ಐದು ವರ್ಷ ಬರುತ್ತದೆ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆದರೆ ಇದರಲ್ಲಿ ಅಡಗಿರುವ ತತ್ತ್ವ ನಿಜವಾದುದು. ಹದಿಮೂರನೆಯ ತಿಂಗಳಲ್ಲಿ ಔಷಧ ನಿಂತಿತೆಂದರೆ ರೋಗವು ಮತ್ತೆ ತಲೆಯೆತ್ತಬಹುದು. ಕೆಲವು ಔಷಧಗಳನ್ನು ಹಠಾತ್ತಾಗಿ ಬಿಟ್ಟರೆ ಮೊದಲಿಗಿಂತ ತೀವ್ರವಾಗಿ ಮರುಕಳಿಸುವುದೂ ಉಂಟು. ಅಷ್ಟರಲ್ಲಿ ಬಂಗಾರವೂ ಹೋಗಿರುತ್ತದೆ, ಊರವರ ಕೈಯೂ ಸೋತಿರುತ್ತದೆ.

ಹೃದಯದ ಶಸ್ತ್ರಚಿಕಿತ್ಸೆಯ ಖರ್ಚು ಒಂದು ದೊಡ್ಡ ಮಳೆಯಂತೆ. ಒಮ್ಮೆ ಸುರಿದರೆ ಕೆರೆ ತುಂಬುತ್ತದೆ. ಎಂ.ಎಸ್. ರೋಗಕ್ಕೆ ಬೇಕಾದುದು ಮಳೆಯಲ್ಲ, ಕಾಲುವೆ. ಸಣ್ಣದಾದರೂ ನಿಲ್ಲದೆ ಹರಿಯಬೇಕು.

ದುರ್ದೈವದಿಂದ, ಹಣ ಒದಗುವ ಬಹುಪಾಲು ದಾರಿಗಳು ಮಳೆಯ ಮಾದರಿಯವೇ ಆಗಿವೆ. ೨೦೧೮ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಂತೆ, ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುವ ಏರ್ಪಾಡಾಯಿತು. ಇದು ಬಡವರಿಗೆ ದೊಡ್ಡ ಆಸರೆ. ಆದರೆ ಇಂಥ ಯೋಜನೆಗಳ ಲೆಕ್ಕವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಯ ಸುತ್ತ ಕಟ್ಟಿದ್ದು. ರಾಷ್ಟ್ರೀಯ ಯೋಜನೆಯ ನಿಯಮದಲ್ಲಿ ಬಿಡುಗಡೆಯ ಅನಂತರದ ೧೫ ದಿನಗಳ ಔಷಧವೂ ಸೇರಿದೆ. ಎಂ.ಎಸ್. ರೋಗಿಗೆ ಔಷಧ ಬೇಕಾಗುವುದು ಹದಿನಾರನೆಯ ದಿನದಿಂದ ಮುಂದಕ್ಕೆ, ವರ್ಷಾನುಗಟ್ಟಲೆ. ಆದ್ದರಿಂದ ಯಾವ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಾಖಲಾಗುವುದಕ್ಕೆ ಮುಂಚೆಯೇ ಕೇಳಿ ತಿಳಿಯಬೇಕು. ಮುಖ್ಯಮಂತ್ರಿಗಳ ಪರಿಹಾರ ನಿಧಿ, ದೇಶವಿಭಜನೆಯ ನಿರಾಶ್ರಿತರಿಗಾಗಿ ೧೯೪೮ರ ಜನವರಿಯಲ್ಲಿ ಸ್ಥಾಪಿತವಾದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ ಇವುಗಳಿಂದಲೂ ಚಿಕಿತ್ಸೆಗೆ ನೆರವು ಸಿಗುವುದುಂಟು. ಅದು ಕೂಡ ಖರ್ಚಿನ ಒಂದು ಭಾಗಕ್ಕೆ ಮಾತ್ರ.

ಕಾಲುವೆಯ ಮಾದರಿಯ ನೆರವು ಒಂದುಂಟು. ೧೯೯೫ರ ಅಂಗವಿಕಲರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತ್ತು, ಎಂ.ಎಸ್. ಅದರಲ್ಲಿರಲಿಲ್ಲ. ೨೦೧೬ರ ಹೊಸ ಕಾಯಿದೆಯು ೨೧ ವೈಕಲ್ಯಗಳನ್ನು ಎಣಿಸಿ, ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗವನ್ನು ಹೆಸರು ಹಿಡಿದೇ ಸೇರಿಸಿತು. ವೈಕಲ್ಯವು ನೂರಕ್ಕೆ ೪೦ಕ್ಕೆ ಕಡಮೆಯಿಲ್ಲವೆಂದು ವೈದ್ಯಮಂಡಲಿ ಪ್ರಮಾಣಪತ್ರ ಕೊಟ್ಟರೆ ಮಾಸಾಶನವೇ ಮುಂತಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಮೊತ್ತ ಅಲ್ಪವಾದರೂ ಅದು ತಿಂಗಳು ತಿಂಗಳೂ ಬರುವಂಥದು. ಆದರೆ ಇದರಲ್ಲಿಯೂ ಒಂದು ವಿಪರ್ಯಾಸವಿದೆ: ಔಷಧವು ಹೆಚ್ಚು ಫಲಕಾರಿಯಾಗುವುದು ವೈಕಲ್ಯ ಬರುವುದಕ್ಕೆ ಮೊದಲು, ಸೌಲಭ್ಯ ದೊರೆಯುವುದು ವೈಕಲ್ಯ ಬಂದ ಮೇಲೆ.

ಜನರ ಮುಂದೆ ಕೈಯೊಡ್ಡುವಾಗ

ಉಳಿದುದು ಸಾರ್ವಜನಿಕರ ಸಹಾಯ. ಬೆಂಗಳೂರಿನ ಮಿಲಾಪ್ ೨೦೧೦ರಲ್ಲಿಯೂ ಮುಂಬಯಿಯ ಕೆಟ್ಟೊ ೨೦೧೨ರಲ್ಲಿಯೂ ಆರಂಭವಾದುವು. ಇಂಥ ಸಂಸ್ಥೆಗಳ ಮೂಲಕ ಅಂತರಜಾಲದಲ್ಲಿ ಮನವಿ ಮಾಡಿ, ಅಪರಿಚಿತರಿಂದಲೂ ದೇಣಿಗೆ ಪಡೆಯುವುದು ಈಗ ರೂಢಿಯಾಗಿದೆ. ಊರಿನಲ್ಲಿ ಜಾತ್ರೆಗೆ ಪಟ್ಟಿ ಎತ್ತುವುದರ ವಿಸ್ತಾರವಾದ ರೂಪವೇ ಇದು. ಆದರೆ ಎಂ.ಎಸ್. ರೋಗಿಗೆ ಇಲ್ಲಿ ಒಂದು ತೊಡಕುಂಟು. ಮಗುವಿನ ಹೃದಯದ ರಂಧ್ರ, ಅಪಘಾತದ ಗಾಯ ಇವು ನೋಡಿದವರಿಗೆ ತಟ್ಟನೆ ಅರ್ಥವಾಗುತ್ತವೆ. ಎದುರಿಗೆ ಕುಳಿತು ಮಾತಾಡುತ್ತಿರುವ ತರುಣಿಗೆ ಕಾಯಿಲೆಯಿದೆಯೆಂದರೆ ಜನ ನಂಬುವುದು ಕಷ್ಟ. ಆದುದರಿಂದ ಮನವಿಯಲ್ಲಿ ರೋಗದ ಹೆಸರು, ಔಷಧದ ಹೆಸರು, ಒಂದು ವರ್ಷದ ಖರ್ಚು, ವೈದ್ಯರ ಪತ್ರ ಇವು ಸ್ಪಷ್ಟವಾಗಿರಬೇಕು. "ಗುಣವಾಗುತ್ತಾಳೆ" ಎಂದು ಬರೆಯಬಾರದು. "ಈ ಔಷಧದಿಂದ ನಡೆದಾಡುವ ಶಕ್ತಿ ಉಳಿಯುವ ಸಂಭವ ಹೆಚ್ಚು" ಎಂದು ಬರೆಯಬೇಕು. ಗುಣದ ಆಸೆ ತೋರಿಸಿ ಪಡೆದ ಹಣವು ಎರಡನೆಯ ವರ್ಷ ಬಾರದು.

ಕೆಲವು ವಿವೇಕದ ಸಂಗತಿಗಳನ್ನೂ ಹೇಳಬೇಕು. ಹಣವು ನೇರವಾಗಿ ಆಸ್ಪತ್ರೆಗೆ ಸಂದಾಯವಾಗುವಂತೆ ಮಾಡಿದರೆ ಕೊಡುವವರಿಗೆ ನಂಬಿಕೆ ಹೆಚ್ಚು. ಬಂಧುಗಳಲ್ಲದವರಿಂದ ಒಬ್ಬ ವ್ಯಕ್ತಿಗೆ ವರ್ಷವೊಂದರಲ್ಲಿ ಬಂದ ಕಾಣಿಕೆ ೫೦,೦೦೦ ರೂಪಾಯಿಗಳನ್ನು ಮೀರಿದರೆ ಆದಾಯ ತೆರಿಗೆಯ ಪ್ರಶ್ನೆ ಏಳುತ್ತದೆ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳುವುದು ಲೇಸು. ಎಲ್ಲಕ್ಕಿಂತ ಮುಖ್ಯವಾದುದು ರೋಗಿಯ ಮಾನ. ಒಮ್ಮೆ ಲೋಕಕ್ಕೆ ಹರಡಿದ ಭಾವಚಿತ್ರವನ್ನು ಹಿಂದಕ್ಕೆ ಪಡೆಯಲಾಗದು. ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಇದರ ಬಿಸಿ ಹೆಚ್ಚು ತಟ್ಟುತ್ತದೆ. ಹಣ ಕೂಡಿಸುವವರು ಅಣ್ಣನೋ ತಂದೆಯೋ ಇರಬಹುದು. ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬುದನ್ನು ಅವಳೇ ನಿರ್ಧರಿಸಬೇಕು.

ಹಣವಿರುವ ಸುದ್ದಿ ಹಬ್ಬಿದೊಡನೆ ಪವಾಡದ ಚಿಕಿತ್ಸೆಗಳೂ ಬಾಗಿಲಿಗೆ ಬರುತ್ತವೆ. ಕಾಂಡಕೋಶದ ಚುಚ್ಚುಮದ್ದಿನಿಂದ ರೋಗವನ್ನು ಅಳಿಸುವೆವೆಂಬುದು ಅಂಥವುಗಳಲ್ಲೊಂದು. ತೀವ್ರವಾದ ಎಂ.ಎಸ್. ರೋಗದ ಕೆಲವರಿಗೆ, ರಕ್ತಮೂಲದ ಕಾಂಡಕೋಶಗಳನ್ನು ಬಳಸುವ ಕಠಿಣ ಚಿಕಿತ್ಸೆಯನ್ನು ನುರಿತ ಕೇಂದ್ರಗಳಲ್ಲಿ ಕೊಡುವುದುಂಟು. ಆದರೆ ಅಂಗಡಿಯ ಸರಕಿನಂತೆ ಮಾರುವ ಚುಚ್ಚುಮದ್ದು ಅದಲ್ಲ. ಅಂಥದಕ್ಕೆ ಕೂಡಿಟ್ಟ ಹಣವನ್ನು ಸುರಿಯುವುದೆಂದರೆ ಬೋಂಗಾ ಮುಚ್ಚದೆ ನೀರು ಬಿಟ್ಟಂತೆ.

ಒಬ್ಬಳು ಅಕ್ಕನ ಕತೆ

ಒಬ್ಬಂಟಿ ರೋಗಿಗಳು ಒಂದುಗೂಡಿದ ಕತೆ ಇಲ್ಲಿ ಸ್ಮರಣೀಯ. ೧೯೪೫ರಲ್ಲಿ ನ್ಯೂಯಾರ್ಕಿನ ಸಿಲ್ವಿಯಾ ಲಾರಿ ಎಂಬ ತರುಣಿಯು, ಎಂ.ಎಸ್. ರೋಗದಿಂದ ನರಳುತ್ತಿದ್ದ ತನ್ನ ತಮ್ಮನಿಗಾಗಿ, ಈ ರೋಗದಿಂದ ಗುಣಹೊಂದಿದವರು ಯಾರಾದರೂ ಇದ್ದರೆ ತಿಳಿಸಬೇಕೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಣ್ಣ ಜಾಹೀರಾತನ್ನು ಕೊಟ್ಟಳು. ಐವತ್ತಕ್ಕೂ ಮಿಕ್ಕಿ ಉತ್ತರಗಳು ಬಂದುವು. ಗುಣಹೊಂದಿದವರಿಂದಲ್ಲ, ಅದೇ ಪ್ರಶ್ನೆಯನ್ನು ಕೇಳುತ್ತಿದ್ದ ಇತರ ರೋಗಿಗಳಿಂದಲೂ ಬಂಧುಗಳಿಂದಲೂ! ಬಯಸಿದ ಉತ್ತರ ಅವಳಿಗೆ ದೊರೆಯಲಿಲ್ಲ. ಆದರೆ ಆ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ೧೯೪೬ರಲ್ಲಿ ಅವಳು ಸ್ಥಾಪಿಸಿದ ಸಂಘವು ಸಂಶೋಧನೆಗೆ ಹಣ ಕೂಡಿಸುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ನಮ್ಮ ದೇಶದಲ್ಲಿ ೧೯೮೫ರಲ್ಲಿ ಸ್ಥಾಪನೆಗೊಂಡ ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ ಆಫ್ ಇಂಡಿಯಾ ಇದೇ ಬಗೆಯ ಸಂಘ. ಬೆಂಗಳೂರಿನಲ್ಲಿಯೂ ಅದರ ಶಾಖೆಯುಂಟು. ಹಳ್ಳಿಯಲ್ಲಿ ಒಬ್ಬಂಟಿಯಾಗಿರುವ ರೋಗಿಗೆ, ತನ್ನಂಥವರು ಇನ್ನೂ ಇದ್ದಾರೆಂಬ ತಿಳಿವಳಿಕೆಯೇ ಮೊದಲನೆಯ ಸಹಾಯ.

ಊರು ಮಾಡಬಹುದಾದುದು ಏನು? ನಾಲೆಯ ನೀರು ಸಾಲದಾದಾಗ ರೈತರು ವಾರಬಂದಿಯ ಕಟ್ಟು ಮಾಡಿಕೊಳ್ಳುತ್ತಾರೆ. ಸರದಿಯಂತೆ ಒಬ್ಬೊಬ್ಬರ ಹೊಲಕ್ಕೂ ನೀರು ಹೋಗುತ್ತದೆ. ಹಣದ ವಿಷಯದಲ್ಲಿಯೂ ಇದೇ ಬಗೆ ಸಾಧ್ಯ. ಇಪ್ಪತ್ತು ಮನೆಗಳು ಒಮ್ಮೆಗೇ ಐದೈದು ಸಾವಿರ ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ ಬದಲಾಗಿ, ತಿಂಗಳಿಗೆ ನೂರು ರೂಪಾಯಿಯಂತೆ ವಂತಿಗೆ ಹಾಕಿದರೆ ಒಟ್ಟು ಮೊತ್ತ ಅಷ್ಟೇ ಆಗಲು ನಾಲ್ಕು ವರ್ಷಕ್ಕೂ ಮೇಲಾಗುತ್ತದೆ. ಆ ನಾಲ್ಕು ವರ್ಷಗಳೂ ಆ ಮನೆಯವರು ಒಂಟಿಯಾಗಿರುವುದಿಲ್ಲ, ಕೊಡುವವರಿಗೂ ಭಾರವೆನಿಸುವುದಿಲ್ಲ. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತಪ್ಪದೆ ತೀರಿಸುವ ನಮ್ಮ ಜನಕ್ಕೆ ಇದು ಅಪರಿಚಿತವಾದ ಲೆಕ್ಕವಲ್ಲ.

ಮೈಲಿನ್ ಹೊದಿಕೆಯನ್ನು ಮತ್ತೆ ನೇಯಿಸುವ ಔಷಧಕ್ಕಾಗಿ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಅದು ಕೈಗೆ ಬರುವವರೆಗೆ, ಇರುವ ಹೊದಿಕೆಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಏರಿ ಒಡೆದ ಮೇಲೆ ಊರೆಲ್ಲ ಓಡಿಬಂದು ಮಣ್ಣು ಸುರಿಯುವುದು ದೊಡ್ಡ ಮಾತೇ. ಆದರೆ ಅದು ಒಡೆಯದಂತೆ ದಿನವೂ ನೋಡಿಕೊಳ್ಳುವ ಕಾವಲುಗಾರನಿಂದಲೇ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆ.